ಕಪ್ಪು ಪ್ಲೇಟು ಮಾತ್ರ ಬದಲಾಗಲಿ

ಮಕ್ಕಳ ಚಿತ್ರಪುಸ್ತಕವೊಂದು ಇನ್ನೊಂದು ಭಾಷೆಗೆ ದಾಟುತ್ತದೋ ಇಲ್ಲವೋ ಅನ್ನುವುದನ್ನು ಕಥೆ ಓದದೆಯೇ ಹೇಳಬಹುದು. ಅದರ ಪಿಡಿಎಫನ್ನು ಅಕ್ರೊಬ್ಯಾಟ್ ಪ್ರೊ ತಂತ್ರಾಂಶದಲ್ಲಿ ತೆರೆದು, ಮುದ್ರಣದ ಬಣ್ಣಗಳನ್ನು ಬಿಡಿಬಿಡಿಯಾಗಿ ತೋರಿಸುವ ಔಟ್‌ಪುಟ್ ಪ್ರಿವ್ಯೂನಲ್ಲಿ ಕಪ್ಪು ಬಣ್ಣದ ಮುಂದಿನ ಟಿಕ್ ಗುರುತನ್ನು ತೆಗೆದುಬಿಡಿ. ಪರದೆಯ ಮೇಲೆ ಬರೀ ಚಿತ್ರ ಉಳಿದು ಅಕ್ಷರಗಳೆಲ್ಲ ಮಾಯವಾದವೋ, ಪುಸ್ತಕ ಪ್ರಯಾಣಕ್ಕೆ ತಯಾರಾಗಿದೆ. ಎಲ್ಲಾದರೂ ಅಕ್ಷರದ ನೆರಳು ಉಳಿಯಿತೋ, ಅದು ಹುಟ್ಟಿದ ಭಾಷೆಯಲ್ಲೇ ಕೂತುಬಿಡುವ ಸಾಧ್ಯತೆ ಹೆಚ್ಚು.

ಕಾರಣ ಇರುವುದು ಮುದ್ರಣದ ಲೆಕ್ಕದಲ್ಲಿ. ಆಫ್‌ಸೆಟ್ ಮುದ್ರಣದಲ್ಲಿ ಒಂದೊಂದು ಬಣ್ಣದ ಶಾಯಿಗೂ ಒಂದೊಂದು ಅಚ್ಚಿನ ತಗಡು, ಅಂದರೆ ಪ್ಲೇಟು, ಬೇಕು. 16 ಪುಟದ ಒಂದು ಫಾರಂಗೆ (ಮಡಚಿದರೆ 16 ಪುಟವಾಗುವ ದೊಡ್ಡ ಹಾಳೆಗೆ) ಎರಡು ಬದಿ, ಬದಿಗೆ ನೀಲಿ, ಕೆಂಪು, ಹಳದಿ, ಕಪ್ಪು ಎಂಬ ನಾಲ್ಕು ಬಣ್ಣ, ಒಟ್ಟು 8 ಪ್ಲೇಟು. ಅದೇ ಪುಸ್ತಕವನ್ನು ಐದು ಭಾಷೆಗಳಲ್ಲಿ ಬೇರೆಬೇರೆಯಾಗಿ ಅಚ್ಚು ಹಾಕಿದರೆ 40 ಪ್ಲೇಟು. ಅಕ್ಷರ ಪೂರ್ತಿ ಕಪ್ಪಿನಲ್ಲೇ ಇದ್ದರೆ ಉಳಿದ ಮೂರು ಬಣ್ಣದ 6 ಪ್ಲೇಟು ಎಲ್ಲ ಭಾಷೆಗೂ ಒಂದೇ. ಭಾಷೆಗೆ ಎರಡರಂತೆ ಕಪ್ಪು ಪ್ಲೇಟು 10. ಒಟ್ಟು 16ಕ್ಕೆ ಕೆಲಸ ಮುಗಿಯಿತು. ಪ್ಲೇಟಿನ ಉಳಿತಾಯಕ್ಕಿಂತ ದೊಡ್ಡದು ಓಟದ ಉಳಿತಾಯ. ಯಂತ್ರ ಹೊಂದಿಸಿ ಬಣ್ಣ ಸರಿಯಾಗಿ ಕೂರುವವರೆಗೆ ಹಾಳೆಗಳು ರದ್ದಿಗೆ ಹೋಗುತ್ತಲೇ ಇರುತ್ತವೆ. ಐದು ಸಲ ಹೊಂದಿಸುವ ಬದಲು ಒಮ್ಮೆ ಹೊಂದಿಸಿ, ಸಾವಿರ ಪ್ರತಿಗೊಮ್ಮೆ ಯಂತ್ರ ನಿಲ್ಲಿಸಿ ಕಪ್ಪು ಪ್ಲೇಟು ಮಾತ್ರ ಬದಲಿಸಿದರೆ, ಸಾವಿರ ಪ್ರತಿಯ ಚಿಕ್ಕ ಭಾಷೆಗೂ ಹೆಚ್ಚುಕಡಿಮೆ ಐದು ಸಾವಿರ ಪ್ರತಿಯ ದರ ಸಿಗುತ್ತದೆ. ಓದುಗರು ಕಡಿಮೆ ಇರುವ ಭಾಷೆಯ ಮಕ್ಕಳಿಗೆ ಬಣ್ಣದ ಪುಸ್ತಕ ಸಿಗದಿರುವುದಕ್ಕೆ 'ಮಾರುಕಟ್ಟೆ ಇಲ್ಲ' ಎಂಬ ಮಾತು ಯಾವಾಗಲೂ ಕೇಳಿಬರುತ್ತದೆ. ಆ ಮಾರುಕಟ್ಟೆಯನ್ನು ಹೀಗೆ ಕೂಡಿಸಿಕೊಳ್ಳಬಹುದು ಎಂಬ ಮಾತು ಮಾತ್ರ ಅಷ್ಟಾಗಿ ಕೇಳುವುದಿಲ್ಲ.

ಜಗತ್ತಿನಲ್ಲಿ ಸುಮಾರು 7,000 ಭಾಷೆಗಳಿವೆ. ತಮಗೆ ಅರ್ಥವಾಗುವ ಭಾಷೆಯಲ್ಲಿ ಶಿಕ್ಷಣ ಸಿಗದವರು ಜಗತ್ತಿನ ಶೇ. 40ರಷ್ಟು ಮಂದಿ ಎಂದು ಯುನೆಸ್ಕೊ 2016ರಲ್ಲಿ ಅಂದಾಜು ಮಾಡಿತ್ತು. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 17ನೇ ವಿಧಿ ಮಕ್ಕಳ ಪುಸ್ತಕಗಳ ತಯಾರಿಗೂ ಹಂಚಿಕೆಗೂ ಸರ್ಕಾರಗಳು ಪ್ರೋತ್ಸಾಹ ಕೊಡಬೇಕು ಅನ್ನುತ್ತದೆ. ತಯಾರಿ ಮತ್ತು ಹಂಚಿಕೆ ಎರಡನ್ನೂ ಹೆಸರಿಸಿದ್ದು ಒಳ್ಳೆಯದಾಯಿತು. ಕೆಟ್ಟರೆ ಈ ಎರಡೂ ಬೇರೆಬೇರೆ ಕಡೆ ಕೆಡುತ್ತವೆ.

ಮತ್ತೆ ಪ್ಲೇಟಿಗೆ ಬರುತ್ತೇನೆ, ಏಕೆಂದರೆ ಹಾಳಾಗುವುದು ಹೆಚ್ಚಾಗಿ ಇಲ್ಲೇ. 'ಕಪ್ಪು ಅಕ್ಷರ' ಅಂದರೆ ಶೇ. 100 ಕಪ್ಪು, ಬೇರೆ ಮೂರೂ ಸೊನ್ನೆ. ವರ್ಡ್‌ನಲ್ಲೋ ಪವರ್‌ಪಾಯಿಂಟ್‌ನಲ್ಲೋ ಮಾಡಿದ ಕಡತದಲ್ಲಿ ಕಪ್ಪು ಇರುವುದು ಪರದೆಯ ಆರ್‌ಜಿಬಿ (ಕೆಂಪು-ಹಸಿರು-ನೀಲಿ ಬೆಳಕಿನ) ಕಪ್ಪಾಗಿ. ಅದು ಮುದ್ರಣಕ್ಕೆ ಬದಲಾಗುವಾಗ ನಾಲ್ಕೂ ಬಣ್ಣಕ್ಕೆ ಹಂಚಿಹೋಗುತ್ತದೆ. ಕಣ್ಣಿಗೆ ಕಪ್ಪಾಗಿಯೇ ಕಾಣುತ್ತದೆ, ಆದರೆ ಮೊದಲ ಭಾಷೆಯ ಅಕ್ಷರ ಎಲ್ಲ ಪ್ಲೇಟಿನಲ್ಲೂ ಕೂತಿರುತ್ತದೆ. ಎರಡನೇ ಭಾಷೆ ಅಚ್ಚಾಗುವಾಗ ಕೆಳಗೆ ಮೊದಲ ಭಾಷೆ ಮಬ್ಬಾಗಿ ಇಣುಕುತ್ತದೆ. ಎರಡನೇ ತಪ್ಪು ಇನ್ನೂ ಸೂಕ್ಷ್ಮ. ಅಕ್ಷರಕ್ಕೆ 'ಓವರ್‌ಪ್ರಿಂಟ್', ಅಂದರೆ ಕೆಳಗಿನ ಬಣ್ಣದ ಮೇಲೆಯೇ ಅಚ್ಚಾಗಲಿ ಎಂಬ ಆಯ್ಕೆ, ಹಾಕಿರದಿದ್ದರೆ ತಂತ್ರಾಂಶವು ಅಕ್ಷರದ ಕೆಳಗಿನ ಬಣ್ಣವನ್ನು ಅಕ್ಷರದ ಆಕಾರದಲ್ಲೇ ಕತ್ತರಿಸಿ ತೆಗೆಯುತ್ತದೆ. ಮೊದಲ ಭಾಷೆಯಲ್ಲಿ ಆ ಬಿಳಿ ತೂತನ್ನು ಕಪ್ಪು ಅಕ್ಷರ ಮುಚ್ಚಿಕೊಳ್ಳುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಎರಡನೇ ಭಾಷೆಯಲ್ಲಿ ಆಕಾಶದ ತುಂಬ ಬಿಳಿ ಅಕ್ಷರಗಳ ಸಮಾಧಿ. ಐದು ಸಾವಿರ ಹಾಳೆ ಓಡಿದ ಮೇಲೆ ಇದು ಕಣ್ಣಿಗೆ ಬಿದ್ದರೆ ಮಾಡಲು ಏನೂ ಉಳಿದಿರುವುದಿಲ್ಲ.

ಕಲಾವಿದರಿಗೆ ಮೊದಲ ದಿನವೇ ಹೇಳಬೇಕಾದ ಮಾತುಗಳೂ ಇವೆ. ಕತ್ತಲ ರಾತ್ರಿಯ ಮೇಲೆ ಬಿಳಿ ಅಕ್ಷರ ಬೇಡ. ಬಿಳಿ ಅಕ್ಷರ ಎಂದರೆ ಶಾಯಿ ಇಲ್ಲದ ಜಾಗ, ಆ ಜಾಗ ನಾಲ್ಕೂ ಪ್ಲೇಟಿನಲ್ಲಿ ಕೊರೆದಿರುತ್ತದೆ. ರಾತ್ರಿಯ ದೃಶ್ಯವೇ ಬೇಕಿದ್ದರೆ ಅಕ್ಷರ ಕೂರುವಷ್ಟು ಜಾಗ ತಿಳಿಯಾಗಿರಲಿ, ಬೆಳದಿಂಗಳು ಬಿದ್ದ ಗೋಡೆ ಸಾಕು. ಚಿತ್ರದೊಳಗೆ ಅಂಗಡಿಯ ಹೆಸರು, ಬಸ್ಸಿನ ಬೋರ್ಡು, ಸಿಡಿಲಿನ ಸದ್ದು ಬರೆಯುವುದಾದರೆ ಅದು ಕಡತದ ಬೇರೆ ಪದರದಲ್ಲಿ (ಲೇಯರ್‌ನಲ್ಲಿ) ಇರಬೇಕು. ಮೂಲದ ಪಠ್ಯಕ್ಕೆ ಎಷ್ಟು ಜಾಗ ಹಿಡಿಯುತ್ತದೋ ಅದರ ಮೇಲೆ ಅರ್ಧದಷ್ಟಾದರೂ ಹೆಚ್ಚು ಜಾಗ ಖಾಲಿ ಬಿಡಬೇಕು. ಕೆಲವು ಭಾಷೆಗಳಲ್ಲಿ ವಾಕ್ಯ ಉದ್ದವಾಗುತ್ತದೆ, ಕೆಲವು ಲಿಪಿಗಳಲ್ಲಿ ಸಾಲು ಎತ್ತರವಾಗುತ್ತದೆ. ಉರ್ದುವಿನ ನಸ್ತಲೀಕ್ ಶೈಲಿಯಲ್ಲಿ ಪದವು ಮೇಲಿನಿಂದ ಓರೆಯಾಗಿ ಇಳಿಯುತ್ತದೆ. ರೋಮನ್ ಲಿಪಿಯ ಎರಡು ಸಾಲಿನ ಜಾಗದಲ್ಲಿ ಅದರ ಒಂದು ಸಾಲು ಕೂತರೆ ಅದೃಷ್ಟ.

ಬಲದಿಂದ ಎಡಕ್ಕೆ ಓದುವ ಲಿಪಿಗಳಿಗೆ, ಅಂದರೆ ಅರಬ್ಬಿ, ಹೀಬ್ರೂ, ಪಶ್ಚಿಮ ಆಫ್ರಿಕಾದ ಎನ್ಕೊ ಮತ್ತು ಅಡ್ಲಮ್ ಇಂಥವಕ್ಕೆ, ಪ್ಲೇಟು ಹಂಚಿಕೊಳ್ಳುವ ಈ ಉಪಾಯ ನಡೆಯುವುದಿಲ್ಲ. ಪುಸ್ತಕ ಇನ್ನೊಂದು ಬದಿಯಿಂದ ತೆರೆಯುವುದರಿಂದ ಹಾಳೆಯ ಮೇಲೆ ಪುಟ ಕೂರಿಸುವ ಕ್ರಮವೇ ಬೇರೆ. ಚಿತ್ರವನ್ನು ಕನ್ನಡಿಯಂತೆ ತಿರುಗಿಸೋಣ ಅಂದರೆ ಎಲ್ಲರೂ ಎಡಗೈಯವರಾಗುತ್ತಾರೆ, ಗಡಿಯಾರ ಹಿಂದಕ್ಕೆ ನಡೆಯುತ್ತದೆ. ತಿರುಗಿಸದಿದ್ದರೆ ಓಡುವ ಮಗು ಪುಟ ಮಗುಚುವ ದಿಕ್ಕಿಗೆ ಎದುರಾಗಿ ಓಡುತ್ತದೆ. ಇಂಥ ಭಾಷೆಗಳನ್ನೇ ಒಂದು ಗುಂಪು ಮಾಡಿ, ಅವುಗಳೊಳಗೆ ಪ್ಲೇಟು ಹಂಚಿಕೊಳ್ಳುವುದು ಸರಿಯಾದ ದಾರಿ.

ಪರವಾನಗಿ ಮತ್ತು ಅನುವಾದ

ಚಿತ್ರವೂ ಕಥೆಯೂ ಯಾರದೋ ಆಗಿರುವಾಗ ಪ್ಲೇಟು ಬದಲಿಸುವ ಹಕ್ಕು ಎಲ್ಲಿಂದ? ಕಳೆದ ಹತ್ತು-ಹನ್ನೆರಡು ವರ್ಷಗಳಲ್ಲಿ ನಿಜವಾಗಿ ಬದಲಾದದ್ದು ಈ ಅಂಶವೇ. ಆಫ್ರಿಕನ್ ಸ್ಟೋರಿಬುಕ್, ದಕ್ಷಿಣ ಆಫ್ರಿಕಾದ ಬುಕ್ ಡ್ಯಾಶ್, 2015ರಲ್ಲಿ ಪ್ರಥಮ್ ಬುಕ್ಸ್ ತೆರೆದ ಸ್ಟೋರಿವೀವರ್ ಮುಂತಾದ ಮಕ್ಕಳ ಪುಸ್ತಕದ ಯೋಜನೆಗಳು, ಹಕ್ಕುದಾರರು ಷರತ್ತನ್ನು ಮೊದಲೇ ಬರೆದು ಎಲ್ಲರ ಬಳಕೆಗೆ ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಪುಸ್ತಕ ಬಿಡತೊಡಗಿದವು. ಆದರೆ 'ಉಚಿತ' ಎಂದ ಕೂಡಲೇ ಎಲ್ಲವೂ ಒಂದೇ ಅಲ್ಲ. ಮೊದಲ ಪುಟದ ಕೆಳಗಿನ ಸಣ್ಣಕ್ಷರ ಓದಿ. 'ಸಿಸಿ ಬೈ' ಎಂದಿದ್ದರೆ ಮೂಲದವರ ಹೆಸರು ಹಾಕಿ, ಬದಲಾಯಿಸಿದ್ದೇನೆಂದು ಹೇಳಿ, ಅನುವಾದ ಮಾಡಬಹುದು, ಅಚ್ಚು ಹಾಕಬಹುದು, ಮಾರಲೂಬಹುದು. ಜೊತೆಗೆ 'ಎನ್‌ಡಿ' ಎಂಬ ಎರಡಕ್ಷರ ಇದ್ದರೆ ಅನುವಾದವನ್ನು ಯಾರಿಗೂ ಹಂಚುವಂತಿಲ್ಲ, ಇದ್ದದ್ದನ್ನು ಇದ್ದಂತೆ ಓದಲು, ಹಂಚಲು ಮಾತ್ರ ಉಚಿತ. 'ಎನ್‌ಸಿ' ಇದ್ದರೆ ವ್ಯಾಪಾರದ ಬಳಕೆ ಇಲ್ಲ. ಇದು ಕೇಳಲು ನ್ಯಾಯವಾಗಿದೆ, ಆದರೆ ಪ್ರತಿಗೆ ಇಷ್ಟು ಎಂದು ಚೂರು ಲಾಭವಿಟ್ಟು ಮಾರುವ ಸಣ್ಣ ಮುದ್ರಕ ಇದನ್ನು ನೋಡಿ ಹಿಂದೆ ಸರಿಯುತ್ತಾನೆ. ಅಂಥ ಮುದ್ರಕ ಇಲ್ಲದೆ ಪುಸ್ತಕ ಅನುದಾನ ಮುಗಿದ ದಿನವೇ ಮುಗಿಯುತ್ತದೆ. ನನ್ನ ಮಟ್ಟಿಗೆ ಮಕ್ಕಳ ಪುಸ್ತಕಕ್ಕೆ 'ಎನ್‌ಸಿ' ಹಾಕುವುದು ಬೇಲಿ ಕಟ್ಟಿ ಬಾಗಿಲು ಇಡುವುದನ್ನು ಮರೆತಂತೆ.

ಬುಕ್ ಡ್ಯಾಶ್‌ನ ಕ್ರಮ ಗಮನಿಸುವಂಥದ್ದು. ಬರಹಗಾರ, ಚಿತ್ರಕಾರ, ವಿನ್ಯಾಸಕಾರ ಸೇರಿದ ಪುಟ್ಟ ತಂಡಗಳು ಒಂದೇ ದಿನ, ಹನ್ನೆರಡು ಗಂಟೆ ಕೂತು ಒಂದೊಂದು ಪುಸ್ತಕ ಮುಗಿಸುತ್ತವೆ. ಸಂಪಾದಕರು ಜೊತೆಗಿರುತ್ತಾರೆ. ಒಂದು ದಿನದಲ್ಲಿ ಏನು ಬರೆದಾರು ಎಂದು ಮೂಗು ಮುರಿಯುವವರಿದ್ದಾರೆ. ಹಕ್ಕು, ಸಂಭಾವನೆ, ವಿಳಂಬ ಇವುಗಳ ತಲೆನೋವು ಆ ಒಂದು ದಿನದಲ್ಲೇ ಇತ್ಯರ್ಥವಾಗುತ್ತದೆ ಎಂಬುದು ಅವರ ಲೆಕ್ಕಕ್ಕೆ ಬರುವುದಿಲ್ಲ.

ಅನುವಾದದ ಕೈಪಿಡಿಗಳು ಸಾಮಾನ್ಯವಾಗಿ ಮರೆಯುವ ಒಂದು ಕಾಗದವಿದೆ. ಅದನ್ನು ಟಿಪ್ಪಣಿ ಹಾಳೆ ಅನ್ನೋಣ. ಚಿಕ್ಕ ಭಾಷೆಗೆ ಅನುವಾದ ನಡೆಯುವುದು ಬಹುಪಾಲು ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್ ಥರದ ಸೇತುವೆ ಭಾಷೆಯ ಮೂಲಕ. ಸೇತುವೆ ದಾಟುವಾಗ ಸಾಮಾನು ಉದುರುತ್ತದೆ. ಇಂಗ್ಲಿಷಿನಲ್ಲಿ 'ಬ್ರದರ್' ಅಂದರೆ ಅಣ್ಣನೋ ತಮ್ಮನೋ? 'ಅಂಕಲ್' ಅಂದರೆ ಮಾವನೋ, ಚಿಕ್ಕಪ್ಪನೋ, ದೊಡ್ಡಪ್ಪನೋ? 'ಯೂ' ಅಂದದ್ದು ನೀನು ಎಂದೋ ನೀವು ಎಂದೋ? 'ವೀ' ಅಂದಾಗ ಕೇಳುವವನೂ ಸೇರಿದನೋ ಇಲ್ಲವೋ? ಕನ್ನಡದಲ್ಲಿ 'ನಾವು' ಒಂದೇ, ನಮಗೆ ಈ ಕೊನೆಯ ತೊಂದರೆ ಇಲ್ಲ. ತೆಲುಗು, ತಮಿಳು, ಇಂಡೊನೇಷಿಯನ್, ತಗಲೊಗ್ ಭಾಷೆಗಳಲ್ಲಿ ಎರಡು ಬೇರೆ ಪದಗಳಿವೆ, ತಪ್ಪು ಪದ ಹಾಕಿದರೆ ಗೆಳೆಯನನ್ನು ಆಟದಿಂದ ಹೊರಗೆ ಹಾಕಿದಂತಾಗುತ್ತದೆ. ಅದಕ್ಕೇ ಮೂಲ ಲೇಖಕರು ಪುಟಪುಟಕ್ಕೆ ಒಂದು ಸಾಲು ಬರೆದಿಡಬೇಕು: 3ನೇ ಪುಟ, ಹುಡುಗಿಗಿಂತ ಹುಡುಗ ಎರಡು ವರ್ಷ ದೊಡ್ಡವನು, 7ನೇ ಪುಟ, ಮುದುಕಿ ಅಪ್ಪನ ತಾಯಿ, 11ನೇ ಪುಟ, 'ಟಪ್' ಎಂಬುದು ಮಳೆಹನಿ ತಗಡಿನ ಮೇಲೆ ಬಿದ್ದ ಸದ್ದು, ನಿಮ್ಮ ಭಾಷೆಯಲ್ಲಿ ಆ ಸದ್ದಿಗೆ ಏನನ್ನುತ್ತೀರೋ ಅದನ್ನೇ ಹಾಕಿ. ಅರ್ಧ ಗಂಟೆಯ ಕೆಲಸ, ಇಪ್ಪತ್ತು ಭಾಷೆಯ ಅನುವಾದಕರ ಇಪ್ಪತ್ತು ಪತ್ರ ಉಳಿಯುತ್ತದೆ.

ಅನುವಾದಕರು ಮೊದಲು ಬರೆಯಬಾರದು. ಸೇತುವೆ ಭಾಷೆಯ ಪಠ್ಯ ಒಮ್ಮೆ ಓದಿ ಮುಚ್ಚಿಟ್ಟು, ಚಿತ್ರಗಳನ್ನಷ್ಟೇ ನೋಡುತ್ತ ತಮ್ಮ ಭಾಷೆಯಲ್ಲಿ ಕಥೆಯನ್ನು ಬಾಯಲ್ಲಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ. ಅದನ್ನು ಕೇಳಿಕೊಂಡು ಬರೆಯಲಿ. ಹೀಗೆ ಬಂದ ವಾಕ್ಯ ಚಿಕ್ಕದಿರುತ್ತದೆ, ಕ್ರಿಯಾಪದ ತನ್ನ ಜಾಗದಲ್ಲಿರುತ್ತದೆ. ಆಮೇಲೆ ಮೂಲ ನೋಡಿರದ ಇನ್ನೊಬ್ಬರು ಅದನ್ನು ಸೇತುವೆ ಭಾಷೆಗೆ ಮರಳಿ ಹೇಳಲಿ. ಅರ್ಥ ಜಾರಿದ್ದು ಅಲ್ಲಿ ಸಿಕ್ಕಿಬೀಳುತ್ತದೆ. ಕೊನೆಗೆ ಐದಾರು ಮಕ್ಕಳಿಂದ ಜೋರಾಗಿ ಓದಿಸಿ. ಒಬ್ಬರು ತಡವರಿಸಿದರೆ ಬಿಡಿ. ಮೂವರು ಒಂದೇ ಪದದಲ್ಲಿ ತಡವರಿಸಿದರೆ ತಪ್ಪು ಆ ಪದದ್ದು.

ಅಮ್ಮ ಇಲ್ಲದ ಮೊದಲ ಪುಸ್ತಕ

ಪುಸ್ತಕಗಳಿಗೆ ಓದಿನ ಹಂತ ನಿಗದಿ ಮಾಡುವ ವಿಷಯದಲ್ಲಿ ಎರವಲು ಅಳತೆಗೋಲು ದೊಡ್ಡ ಉಪದ್ರವ. 'ಮೊದಲ ಹಂತ: ವಾಕ್ಯಕ್ಕೆ ಐದು ಪದ' ಎಂಬ ನಿಯಮ ಇಂಗ್ಲಿಷಿಗೆ ಹೊಂದುತ್ತದೆ. ಸ್ವಾಹಿಲಿಯಲ್ಲಿ 'ನಿನಕುಪೆಂಡ' ಎಂಬುದು ಒಂದೇ ಪದ. ಅರ್ಥ 'ನಾನು ನಿನ್ನನ್ನು ಪ್ರೀತಿಸುತ್ತೇನೆ'. ಕನ್ನಡದ 'ಬರುತ್ತಿರಲಿಲ್ಲವಂತೆ' ಕೂಡ ಲೆಕ್ಕಕ್ಕೆ ಒಂದೇ ಪದ, ಆರು ವರ್ಷದ ಓದುಗನಿಗೆ ಒಂದು ಬೆಟ್ಟ. ಪ್ರತ್ಯಯ ಅಂಟಿಸಿಕೊಂಡು ಬೆಳೆಯುವ ಭಾಷೆಗಳಲ್ಲಿ ಪದ ಎಣಿಸುವುದನ್ನು ಬಿಟ್ಟು ಪದದೊಳಗಿನ ಅಕ್ಷರ ಎಣಿಸಬೇಕು. ಮೊದಲ ಹಂತದಲ್ಲಿ ಪದಕ್ಕೆ ಮೂರು, ಅಪರೂಪಕ್ಕೆ ನಾಲ್ಕು ಅಕ್ಷರ ಎಂದು ಮಿತಿ ಇಟ್ಟುಕೊಂಡರೆ ಸಾಕಷ್ಟು ಸರಿಹೋಗುತ್ತದೆ.

ರೋಮನ್ ಲಿಪಿಯ ಮಗುವಿಗೆ 26 ಗುರುತು ಕಲಿತರೆ ಪುಸ್ತಕ ತೆರೆಯುತ್ತದೆ. ನಮ್ಮಂಥ ಲಿಪಿಗಳಲ್ಲಿ ಕಾಗುಣಿತ ಸೇರಿದರೆ ನೂರಾರು ರೂಪ, ಅದರ ಮೇಲೆ ಒತ್ತಕ್ಷರ. ಹಾಗಾಗಿ ಒತ್ತಕ್ಷರ ಕಲಿಯುವ ಮೊದಲು ಓದಲು ಒತ್ತಕ್ಷರವಿಲ್ಲದ ಪುಸ್ತಕ ಬೇಕು ಎಂಬ ವಾದ ಸರಿಯೇ. ಬರೆಯಲು ಕೂತು ನೋಡಿ. 'ಮರದ ಮೇಲೆ ಗಿಳಿ ಇದೆ' ಬರೆಯಬಹುದು, 'ಮರದ ಮೇಲೆ ಹಕ್ಕಿ ಇದೆ' ಬರೆಯುವಂತಿಲ್ಲ. ಮುಂದಿನ ಸಾಲಿಗೆ ಮನೆಯವರನ್ನು ಕರೆಯೋಣ ಅಂದರೆ ಅಮ್ಮ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜ, ಅಜ್ಜಿ ಎಲ್ಲರೂ ಒತ್ತಕ್ಷರದವರು! ಮಗುವಿಗೆ ಹತ್ತಿರದ ಜೀವಗಳಲ್ಲಿ ಬಹುಪಾಲು ನಿಯಮದೊಳಗೆ ಬರುವುದಿಲ್ಲ. ಕೆಲವರು ನಿಯಮ ಉಳಿಸಲು 'ತಾಯಿ', 'ತಂದೆ' ಎಂದು ಬರೆಯುತ್ತಾರೆ. ಯಾವ ಮಗು ಮನೆಗೆ ಓಡಿಬಂದು 'ತಾಯಿ, ಹಸಿವು' ಅನ್ನುತ್ತದೆ? ಇಲ್ಲಿ ನಿಯಮ ಬಗ್ಗಬೇಕು. ನೋಡಿದ ಕೂಡಲೇ ಗುರುತಿಸುವ ಎಂಟು ಹತ್ತು ಪದಗಳ ಪಟ್ಟಿ ಮಾಡಿ, ಅವು ಒತ್ತಕ್ಷರದವಾದರೂ ಮೊದಲ ಹಂತಕ್ಕೆ ಬಿಡಿ, ಉಳಿದದ್ದಕ್ಕೆ ಕಟ್ಟುನಿಟ್ಟು ಮಾಡಿ.

ಪ್ರತಿ ಭಾಷೆಗೂ ಇಂಥದೊಂದು ತೊಡಕು ಇದ್ದೇ ಇರುತ್ತದೆ. ಚಿಕ್ಕ ಭಾಷೆಗಳಿಗಾಗಿ ಕೆಲಸ ಮಾಡುವ ಎಸ್‌ಐಎಲ್ ಸಂಸ್ಥೆಯ ಬ್ಲೂಮ್ ಎಂಬ ಉಚಿತ ತಂತ್ರಾಂಶ ಇದಕ್ಕೆ ನೆರವಾಗುತ್ತದೆ. ಅಕ್ಷರ ಕಲಿಸುವ ಕ್ರಮವನ್ನೂ, ಆ ಭಾಷೆಯ ಒಂದಷ್ಟು ಪಠ್ಯವನ್ನೂ ಅದಕ್ಕೆ ಕೊಟ್ಟರೆ, ಈ ಹಂತದವರೆಗಿನ ಅಕ್ಷರಗಳಲ್ಲಿ ಯಾವ ಪದ ಸಾಧ್ಯ ಎಂದು ಪಟ್ಟಿ ತೆಗೆದು ತೋರಿಸುತ್ತದೆ, ಮಿತಿ ಮೀರಿದ ಪದಕ್ಕೆ ಬಣ್ಣ ಬಳಿಯುತ್ತದೆ. ಕೊಟ್ಟ ಪಠ್ಯ ಬರೀ ಧಾರ್ಮಿಕ ಅಥವಾ ಸರ್ಕಾರಿ ಆಗಿದ್ದರೆ ಪಟ್ಟಿಯೂ ಹಾಗೇ ಬರುತ್ತದೆ. ಜನ ಹೇಳಿದ ಕಥೆಗಳನ್ನು ಬರೆದು ಹಾಕಬೇಕು.

ಪಶ್ಚಿಮ ಆಫ್ರಿಕಾದ ಯೊರುಬಾ ಭಾಷೆಯಲ್ಲಿ ದನಿಯ ಏರಿಳಿತ ಬದಲಾದರೆ ಒಂದೇ ಅಕ್ಷರಗಳ 'ಒಕೊ' ಗಂಡನೂ ಹೌದು, ಗುದ್ದಲಿಯೂ ಹೌದು, ವಾಹನವೂ ಹೌದು. ಬರವಣಿಗೆಯಲ್ಲಿ ಸ್ವರಾಕ್ಷರದ ಕೆಳಗೊಂದು ಚುಕ್ಕೆ, ದನಿಗೆ ತಕ್ಕಂತೆ ಮೇಲೊಂದು ಗೆರೆ ಬೇಕು. ದೊಡ್ಡವರ ಪತ್ರಿಕೆಯಲ್ಲಿ ಅವನ್ನು ಬಿಟ್ಟರೂ ನಡೆದೀತು, ಓದು ಕಲಿಯುವ ಮಗುವಿಗೆ ಬಿಡುವಂತಿಲ್ಲ. ಬಿಡುವುದು ಹೆಚ್ಚಾಗಿ ಸೋಮಾರಿತನದಿಂದಲ್ಲ, ಫಾಂಟಿನಿಂದ. ಚುಕ್ಕೆ ಮತ್ತು ಗೆರೆ ಒಟ್ಟಿಗೆ ಬಂದಾಗ ಫಾಂಟು ಅವನ್ನು ಪಕ್ಕಕ್ಕೆ ತಳ್ಳುತ್ತದೆ, ವಿನ್ಯಾಸಕಾರ ಬೇಸತ್ತು ಅಳಿಸಿಬಿಡುತ್ತಾನೆ. ಓದು ಕಲಿಯುವವರಿಗೆಂದೇ ಮಾಡಿದ ಆಂಡಿಕ, ಹಲವು ಲಿಪಿಗಳ ನೋಟೊ, ಇವೆರಡೂ ಉಚಿತ, ಮೊದಲು ಇವನ್ನು ಪ್ರಯತ್ನಿಸಿ.

ಫಾಂಟಿನ ಮಾತು ಬಂದಮೇಲೆ ಇನ್ನೆರಡು. ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಆಯ್ಕೆಯನ್ನು ವರ್ಲ್ಡ್-ರೆಡಿ ಕಂಪೋಸರ್‌ಗೆ ಬದಲಿಸದಿದ್ದರೆ ಭಾರತೀಯ ಲಿಪಿಗಳ ಒತ್ತು ಕಳಚಿ ಬೀಳುತ್ತದೆ, ಅರಬ್ಬಿ ಅಕ್ಷರಗಳು ಕೈ ಬಿಟ್ಟು ದೂರ ನಿಲ್ಲುತ್ತವೆ. ವಿನ್ಯಾಸಕಾರನಿಗೆ ಆ ಭಾಷೆ ಬಾರದಿದ್ದರೆ ಅದು ತಪ್ಪೆಂದೇ ಅವನಿಗೆ ತಿಳಿಯುವುದಿಲ್ಲ. ಆದ್ದರಿಂದ ಕೊನೆಯ ಪಿಡಿಎಫನ್ನು ಆ ಭಾಷೆಯವರೇ ಕಾಗದದ ಮೇಲೆ ನೋಡಬೇಕು. ಇನ್ನೊಂದು, ಥಾಯ್, ಖಮೇರ್, ಬರ್ಮೀಸ್ ಲಿಪಿಗಳಲ್ಲಿ ಪದಗಳ ನಡುವೆ ಜಾಗ ಬಿಡುವ ರೂಢಿ ಇಲ್ಲ. ದೊಡ್ಡ ಭಾಷೆಗೆ ತಂತ್ರಾಂಶದಲ್ಲಿ ನಿಘಂಟು ಇರುತ್ತದೆ, ಸಾಲು ಎಲ್ಲಿ ಮುರಿಯಬೇಕೆಂದು ಗೊತ್ತಾಗುತ್ತದೆ. ಅದೇ ಲಿಪಿಯಲ್ಲಿ ಬರೆಯುವ ಚಿಕ್ಕ ಭಾಷೆಗೆ ನಿಘಂಟು ಇಲ್ಲ, ಪದ ನಡುಮಧ್ಯೆ ತುಂಡಾಗುತ್ತದೆ. ಪದಪದಕ್ಕೂ ಕಣ್ಣಿಗೆ ಕಾಣದ ಶೂನ್ಯ ಅಗಲದ ಜಾಗ, ಯೂನಿಕೋಡ್ (ಎಲ್ಲ ಲಿಪಿಗಳಿಗೂ ಕಂಪ್ಯೂಟರುಗಳು ಬಳಸುವ ಒಂದೇ ಸಂಕೇತಪಟ್ಟಿ) ಸಂಕೇತ 200ಬಿ, ಟೈಪ್ ಮಾಡುವುದೊಂದೇ ದಾರಿ. ಬೇಜಾರಿನ ಕೆಲಸ, ಆದರೆ ಒಮ್ಮೆ ಮಾಡಿದರೆ ಮುಗಿಯಿತು.

ಲಿಪಿಯೇ ಯೂನಿಕೋಡಿನಲ್ಲಿ ಇಲ್ಲದಿದ್ದರೆ ಇವೆಲ್ಲ ಶುರುವಾಗುವುದೇ ಇಲ್ಲ. ಫುಲಾನಿ ಭಾಷೆಗೆಂದು ಗಿನಿ ದೇಶದ ಇಬ್ಬರು ಸಹೋದರರು, ಹುಡುಗರಾಗಿದ್ದಾಗಲೇ, 1989ರ ಸುಮಾರಿಗೆ ಅಡ್ಲಮ್ ಲಿಪಿ ರೂಪಿಸಿದರು. ಅದು ಯೂನಿಕೋಡಿಗೆ ಸೇರಿದ್ದು 2016ರಲ್ಲಿ. ಸಂತಾಲಿಯ ಓಲ್ ಚಿಕಿ ಲಿಪಿಯನ್ನು ರಘುನಾಥ್ ಮುರ್ಮು 1925ರಲ್ಲಿ ರೂಪಿಸಿದ್ದು, ಯೂನಿಕೋಡಿಗೆ ಬಂದದ್ದು 2008ರಲ್ಲಿ. ಈಗಲೂ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಪುಸ್ತಕ ಮಾಡುವವರಿದ್ದಾರೆ. ಅಚ್ಚಿನಲ್ಲಿ ಚೆನ್ನಾಗಿಯೇ ಬರುತ್ತದೆ; ಐದು ವರ್ಷದ ಮೇಲೆ ಆ ಕಡತದಿಂದ ಪಠ್ಯ ತೆಗೆಯಹೋದರೆ ಸಿಗುವುದು ಚಿಹ್ನೆಗಳ ಕಸ.

ಸಾವಿರ ಪ್ರತಿಯೂ ಬೇಡದ ಕಡೆ

ಕೆಲವು ಭಾಷೆಗಳಿಗೆ ಸಾವಿರ ಪ್ರತಿಯೂ ಹೆಚ್ಚು. ಕೆಲವು ನೂರು ಪ್ರತಿಗಳಿಗೆ ಸಾಮಾನ್ಯವಾಗಿ ಡಿಜಿಟಲ್ ಮುದ್ರಣವೇ ಅಗ್ಗ, ಪ್ಲೇಟಿನ ಗೊಡವೆ ಇಲ್ಲ. ಅದೂ ಕೈಗೆಟುಕದಿದ್ದರೆ ಕಪ್ಪು-ಬಿಳುಪು ಜೆರಾಕ್ಸ್. ಜೆರಾಕ್ಸಿಗೆ ಹೋಗುವ ಮುಂಚೆ ಚಿತ್ರವನ್ನು ಬೂದು ಬಣ್ಣಕ್ಕೆ ತಿರುಗಿಸಿ ನೋಡಿ. ಕೆಂಪು ಅಂಗಿಯೂ ಹಸಿರು ಪೊದೆಯೂ ಒಂದೇ ಬೂದಿಯಾಗಿ ಹುಡುಗಿ ಪೊದೆಯೊಳಗೆ ಕರಗಿದ್ದರೆ ಗೆರೆಚಿತ್ರದ ಆವೃತ್ತಿ ಬೇರೆ ಬೇಕು.

ಅತಿ ಅಗ್ಗದ ಪುಸ್ತಕ ಅಂದರೆ ಒಂದೇ ಹಾಳೆಯದು. ಎ4 ಅಥವಾ ಎ3 ಹಾಳೆಯನ್ನು ಅಡ್ಡವಾಗಿಟ್ಟು ನಾಲ್ಕು ಕಂಬ, ಎರಡು ಸಾಲು, ಒಟ್ಟು ಎಂಟು ಮನೆ ಮಾಡಿ. ಕೆಳಸಾಲಿನಲ್ಲಿ ಎಡದಿಂದ 8, 1, 2, 3ನೇ ಪುಟಗಳು. ಮೇಲಿನ ಸಾಲಿನಲ್ಲಿ ಎಡದಿಂದ 7, 6, 5, 4, ಎಲ್ಲವೂ ತಲೆಕೆಳಗಾಗಿ. ಒಂದೇ ಬದಿ ಮುದ್ರಣ. ಎಲ್ಲ ಗೆರೆಗಳಲ್ಲೂ ಮಡಚಿ ಬಿಡಿಸಿ, ನಡುವಿನ ಅಡ್ಡಗೆರೆಯನ್ನು ಮಧ್ಯದ ಎರಡು ಕಂಬಗಳಷ್ಟು ಉದ್ದಕ್ಕೆ ಮಾತ್ರ ಕತ್ತರಿಸಿ. ಉದ್ದಕ್ಕೆ ಮಡಚಿ ಎರಡು ತುದಿಗಳನ್ನು ಒಳಕ್ಕೆ ಒತ್ತಿದರೆ ನಡು ತೆರೆದುಕೊಂಡು ಕೂಡಿಸುವ ಚಿಹ್ನೆಯಂತಾಗುತ್ತದೆ. ಒಂದು ಕಡೆಗೆ ಮಗುಚಿದರೆ ಎಂಟು ಪುಟದ ಪುಸ್ತಕ. ಪಿನ್ನು, ದಾರ, ಅಂಟು ಯಾವುದೂ ಬೇಡ. ಕತ್ತರಿ ತುದಿಯವರೆಗೆ ಹೋದರೆ ಪುಸ್ತಕ ಎರಡು ಪಟ್ಟಿಯಾಗಿಬಿಡುತ್ತದೆ, ಆ ತಪ್ಪು ಮೊದಲ ಸಲ ಎಲ್ಲರಿಂದಲೂ ಆಗುತ್ತದೆ. ಬಲದಿಂದ ಎಡಕ್ಕೆ ಓದುವ ಭಾಷೆಗೆ ಈ ಕ್ರಮವನ್ನು ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿ.

ಸಾಮಾನ್ಯ ಪುಸ್ತಕದ ಕಟ್ಟುವಿಕೆಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ನಡುಪಿನ್ನಿನ ಪುಸ್ತಕಕ್ಕೆ ಪುಟಸಂಖ್ಯೆ ನಾಲ್ಕರ ಗುಣಕದಲ್ಲಿರಲಿ. 24-32 ಪುಟದ ತೆಳು ಪುಸ್ತಕಕ್ಕೆ ಬೆನ್ನಿಗೆ ಅಂಟು ಹಾಕಬೇಡಿ, ಅಂಟು ಹಿಡಿಯುವಷ್ಟು ದಪ್ಪ ಇರುವುದಿಲ್ಲ. ಒಳಪುಟದ ಕಾಗದ 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ) ಆದರೆ ಹಿಂದಿನ ಚಿತ್ರ ಮುಂದೆ ಕಾಣುತ್ತದೆ, 100ರಿಂದ 120 ಒಳ್ಳೆಯದು. ತೇವದ ಪ್ರದೇಶದಲ್ಲಿ ಮಾಮೂಲಿ ಪಿನ್ನು ತುಕ್ಕು ಹಿಡಿದು ಸುತ್ತಲ ಕಾಗದವನ್ನೇ ತಿನ್ನುತ್ತದೆ. ಅಲ್ಲಿ ದಾರದ ಹೊಲಿಗೆ ಅಥವಾ ತುಕ್ಕು ಹಿಡಿಯದ ತಂತಿ.

ಫೋನಿನಲ್ಲಿ ಓದಿಸಿದರಾಯಿತು, ಕಾಗದ ಯಾಕೆ ಅನ್ನುವವರಿಗೆ ಒಂದು ಲೆಕ್ಕ. ಮುದ್ರಣಕ್ಕೆಂದು ಇಂಚಿಗೆ 300 ಚುಕ್ಕೆಯ ಚಿತ್ರವಿರುವ ಪಿಡಿಎಫ್ ಹತ್ತಾರು ಎಂಬಿ ತೂಗುತ್ತದೆ. ಅದನ್ನೇ ಹಾಗೆಯೇ ಜಾಲಕ್ಕೆ ಏರಿಸಿದರೆ, ಸಂಪರ್ಕ ದುರ್ಬಲವಾಗಿರುವ ಕಡೆ ಅರ್ಧ ಇಳಿದು ನಿಲ್ಲುತ್ತದೆ. ಫೋನಿಗೆ ಬೇರೆ ಕಡತ ಬೇಕು: ಚಿತ್ರ ಕುಗ್ಗಿಸಿ ಎರಡು ಮೂರು ಎಂಬಿಗೆ ತಂದದ್ದು, ಪರದೆಗೊಂದು ಚಿತ್ರ, ಅದರ ಕೆಳಗೆ ದೊಡ್ಡಕ್ಷರದ ಒಂದೆರಡು ಸಾಲು. ಪುಟವನ್ನೇ ಹಿಂಡಿ ಪರದೆಗೆ ಕೂರಿಸಿದರೆ ಮಗು ಎರಡು ಬೆರಳಿನಲ್ಲಿ ಹಿಗ್ಗಿಸುತ್ತ ಕಥೆ ಬಿಟ್ಟು ಹಿಗ್ಗಿಸುವ ಆಟ ಆಡುತ್ತದೆ. ಡಿಜಿಟಲ್ ಕಡತದ ದೊಡ್ಡ ಉಪಯೋಗ ಮಗು ಓದುವುದಕ್ಕಿಂತ, ಊರಿನ ಮುದ್ರಕ ಇಳಿಸಿಕೊಂಡು ಅಚ್ಚು ಹಾಕುವುದಕ್ಕೆ ಎಂದೇ ನನ್ನ ಅನಿಸಿಕೆ. ಕಣ್ಣು ಕಾಣದ ಮಕ್ಕಳ ವಿಷಯದಲ್ಲಿ ಮಾತ್ರ ಕಡತವೇ ಜೀವಾಳ. ಯೂನಿಕೋಡ್ ಪಠ್ಯವಿದ್ದರೆ ಬ್ರೈಲ್‌ಗೂ ಧ್ವನಿಗೂ ತಿರುಗಿಸಬಹುದು. 2013ರ ಮರಾಕೇಶ್ ಒಪ್ಪಂದವು ಸದಸ್ಯ ದೇಶಗಳಲ್ಲಿ ಇಂಥ ಪ್ರತಿ ಮಾಡಲು ಹಕ್ಕುಸ್ವಾಮ್ಯದ ಅಡ್ಡಿ ತೆಗೆದು, ಆ ಪ್ರತಿ ಗಡಿ ದಾಟಲೂ ದಾರಿ ಮಾಡಿದೆ. ಚಿತ್ರವನ್ನು ಮಾತಿನಲ್ಲಿ ವಿವರಿಸುವ ಸಾಲು ಯಾರಾದರೂ ಬರೆಯಬೇಕು. ಮೇಲೆ ಹೇಳಿದ ಟಿಪ್ಪಣಿ ಹಾಳೆ ಇಲ್ಲೂ ಉಪಯೋಗಕ್ಕೆ ಬರುತ್ತದೆ.

ಬೀರುವಿನ ಬೀಗ

ಇಷ್ಟೆಲ್ಲ ಆಗಿ ಶಾಲೆ ತಲುಪಿದ ಪುಸ್ತಕ ಬೀರುವಿನಲ್ಲಿ ಉಳಿಯುವುದು ಯಾಕೆ? ಶಿಕ್ಷಕರಿಗೆ ಓದಿನ ಪ್ರೀತಿ ಇಲ್ಲ ಅನ್ನುವುದು ಸುಲಭದ ಉತ್ತರ. ನಿಜವಾದ ಕಾರಣ ದಾಸ್ತಾನು ಪುಸ್ತಕ. ಬಂದ 200 ಪ್ರತಿ ಅವರ ಸಹಿಯ ಮೇಲಿದೆ, ತಪಾಸಣೆಗೆ ಬಂದವರು 200 ಕೇಳುತ್ತಾರೆ, ಕಳೆದದ್ದಕ್ಕೆ ಅವರೇ ಉತ್ತರ ಹೇಳಬೇಕು. ಬೀಗ ಹಾಕುವುದು ಅಲ್ಲಿ ಜಾಣತನ. ಇದಕ್ಕೆ ಮದ್ದು ಭಾಷಣವಲ್ಲ, ಒಂದು ಲಿಖಿತ ಸಾಲು: ವರ್ಷಕ್ಕೆ ಹತ್ತರಲ್ಲಿ ಎರಡು ಪ್ರತಿ ಸವೆತ ಮತ್ತು ನಷ್ಟವೆಂದು ತೆಗೆದುಹಾಕಬಹುದು, ಯಾರೂ ಹಣ ಕಟ್ಟಬೇಕಿಲ್ಲ. ಆ ಸಾಲು ಪುಸ್ತಕದ ಪೆಟ್ಟಿಗೆಯಲ್ಲೇ, ಮೇಲಧಿಕಾರಿಯ ಸಹಿಯೊಂದಿಗೆ ಬರಬೇಕು. ಬಾಯಿಮಾತಿಗೆ ತಪಾಸಣೆಯಲ್ಲಿ ಬೆಲೆ ಇಲ್ಲ.

ನಲವತ್ತು ಮಕ್ಕಳ ತರಗತಿಗೆ ಒಂದೇ ಪುಸ್ತಕದ ನಲವತ್ತು ಪ್ರತಿ ಕೊಟ್ಟರೆ ಅದು ಪಠ್ಯಪುಸ್ತಕವಾಗುತ್ತದೆ, ವಾರದಲ್ಲಿ ಹಳಸುತ್ತದೆ. ನಲವತ್ತು ಬೇರೆಬೇರೆ ಪುಸ್ತಕದ ಒಂದೊಂದು ಪ್ರತಿ ಕೊಟ್ಟರೆ ಗೆಳೆಯರಿಬ್ಬರು ಒಟ್ಟಿಗೆ ಓದುವಂತಿಲ್ಲ. ಐವತ್ತು ಶೀರ್ಷಿಕೆ, ತಲಾ ಮೂರು ನಾಲ್ಕು ಪ್ರತಿ, ಹದವಾದ ಲೆಕ್ಕ. ಕಪಾಟಿನಲ್ಲಿ ಬೆನ್ನು ಕಾಣುವಂತೆ ಜೋಡಿಸಬೇಡಿ, ತೆಳು ಪುಸ್ತಕಕ್ಕೆ ಬೆನ್ನೇ ಇಲ್ಲ. ಗೋಡೆಗೆ ಮಗುವಿನ ಎದೆಮಟ್ಟದಲ್ಲಿ ಹಗ್ಗ ಬಿಗಿದು ಪುಸ್ತಕಗಳನ್ನು ನಡುಪುಟದಲ್ಲಿ ನೇತುಹಾಕಿದರೆ ಮುಖಪುಟ ಕಾಣುತ್ತದೆ. ಗೋಡೆ ಬೆವರುವ ಕಾಲದಲ್ಲಿ ಹಗ್ಗ ಗೋಡೆಯಿಂದ ಒಂದು ಗೇಣು ಮುಂದಿರಲಿ. ಹಂತ ಗುರುತಿಸಲು ಬಣ್ಣದ ಚುಕ್ಕೆ ಅಂಟಿಸಿ, ಸಂಖ್ಯೆ ಬೇಡ. 'ನೀನಿನ್ನೂ ಒಂದನೇದು' ಎಂಬ ಹಂಗಿಸುವಿಕೆ ಸಂಖ್ಯೆಯಿಂದಲೇ ಶುರುವಾಗುವುದು.

ಎರವಲು ಪುಸ್ತಕದಲ್ಲಿ ಮೂರೇ ಅಂಕಣ ಸಾಕು: ಮಗುವಿನ ಹೆಸರು, ಪುಸ್ತಕದ ಹೆಸರು, ಮರಳಿ ಬಂದಾಗ ಒಂದು ಗೀಟು. ಮಕ್ಕಳೇ ಬರೆಯಲಿ, ತಪ್ಪು ಬರೆದರೂ ಸರಿ. ಆರು ತಿಂಗಳಾದ ಮೇಲೆ ಆ ಅಂಕಣವನ್ನೂ, ಹಗ್ಗದ ಮೇಲಿನ ಪುಸ್ತಕಗಳನ್ನೂ ಒಟ್ಟಿಗೆ ನೋಡಿ. ಮೂಲೆ ಮಡಚಿ, ಪಿನ್ನು ಸಡಿಲವಾಗಿ, ನಡುಹಾಳೆ ಕಿತ್ತುಬಂದ ಪುಸ್ತಕಗಳ ಹೆಸರು ಬರೆದುಕೊಳ್ಳಿ. ಮುಂದಿನ ಭಾಷೆಗೆ ಕಪ್ಪು ಪ್ಲೇಟು ಮಾಡಿಸುವಾಗ ಆ ಪಟ್ಟಿಯಿಂದಲೇ ಶುರು ಮಾಡಬಹುದು.